ಫಿಲಮು ಹಿಡಿದ ಬೆರಳು

“ಕಸಬರಿಗಿ ಹಿಡ್ಕಂಡು ಬಾಗಿಲತ್ರ ನಿಂದ್ರು, ಮುಂಡೇದೆ. ಇವತ್ತು ಮಿಷನ್ ಕಡಿ ಕಣ್ಣೆತ್ತಿದ್ರೂ ಕಾಲ್ ಮುರೀತೀನಿ.”

ಕೊಟ್ಟೂರಿನ ಹಲ್ಲಿನ ಡಾಕ್ಟರು ಅಮರೇಶ್ ಹೀಗೆ ಬೈದಾಗ ಪಂಪಮ್ಮ ಎಕ್ಸ್‌ರೇ ಕುರ್ಚಿ ಒರೆಸುತ್ತಿದ್ದಳು. ಎಕ್ಸ್‌ರೇ ತೆಗೆಯುವವರು ತರಬೇತಿ ಆದವರೋ ಅಲ್ಲವೋ ನೋಡಲು ಸರ್ಕಾರದ ಸಾಹೇಬರೊಬ್ಬರು ಬರುವವರಿದ್ದರು. ಡಾಕ್ಟರ ತಂಗಿಯ ಮಗಳು ಶಾಂಭವಿಯ ಸರ್ಟಿಫಿಕೇಟು ಗೋಡೆಯ ಮೇಲೆ ಗಾಜಿನೊಳಗೆ ಹೊಳೆಯುತ್ತಿತ್ತು. ದಾವಣಗೆರೆಯಿಂದ ಅವಳನ್ನೂ ಕರೆಸಿದ್ದರು. ಅವಳು ಈ ಮಿಷನ್ನು ಮುಟ್ಟಿದ್ದನ್ನು ಕೊಟ್ಟೂರಿನಲ್ಲಿ ಯಾರೂ ಕಂಡಿರಲಿಲ್ಲ. ಮೈಗೆ ಕಿರಣ ಎಷ್ಟು ತಾಗಿತೆಂದು ಅಳೆಯುವ ಬಿಲ್ಲೆಯೂ ಅವಳ ಹೆಸರಿನದೇ, ಮೇಜಿನ ಡ್ರಾದಲ್ಲಿ ಮಲಗಿರುತ್ತಿತ್ತು.

ಮುಟ್ಟುತ್ತಿದ್ದವಳು ಪಂಪಮ್ಮ. ಕಸ ಹೊಡೆಯಲು ಬಂದವಳಿಗೆ ಗುಂಡಿ ಒತ್ತುವುದನ್ನು ತೋರಿಸಿದವರು ಡಾಕ್ಟರೇ. ಕೇರಿಯವರು ಬಂದರಂತೂ, ನಿಮ್ಮೋರ ಬಾಯಿ, ನೀನೇ ಹಿಡಿ ಎನ್ನುತ್ತಿದ್ದರು. ಅವಳು ಫಿಲಮನ್ನು ರೋಗಿಯ ದವಡೆಗೆ ಬೆರಳಿನಿಂದ ಒತ್ತಿಹಿಡಿದು, ಇನ್ನೊಂದು ಕೈಯಲ್ಲಿ ಗುಂಡಿ ಅದುಮುತ್ತಿದ್ದಳು. ವರ್ಷಗಟ್ಟಲೆ ಹಾಗೆ ಹಿಡಿದು ಕಿರಣ ತಾಗಿದ ಬೆರಳಿನ ಚರ್ಮ ಒಣಗಿ ಬಿರಿದು, ಉಗುರು ಕರಿಗಟ್ಟಿತ್ತು. ನನ್ನನ್ನೂ ತರಬೇತಿಗೆ ಕಳಿಸ್ರಿ ಎಂದು ಕೇಳಿದಾಗಲೆಲ್ಲ, ಕಸ ಹೊಡೆಯೋಕೂ ಸರ್ಟಿಫಿಕೇಟು ಬೇಕೇನು ಎಂದು ಡಾಕ್ಟರು ನಗುತ್ತಿದ್ದರು.

ಸಾಹೇಬರು ಬಂದು ಕೂತರು. ಅವರ ಹಿಂದೆಯೇ ಉಜ್ಜಿನಿಯ ಕೇರಿಯ ಮುದುಕಿ ಜಂಬಮ್ಮ ಊದಿದ ಕೆನ್ನೆ ಹೊತ್ತು ಬಂದು ಎಕ್ಸ್‌ರೇ ಕುರ್ಚಿ ಹತ್ತಿದಳು. ಶಾಂಭವಿ ಎರಡೇ ಬೆರಳಲ್ಲಿ ಫಿಲಮು ಹಿಡಿದು ಹತ್ತಿರ ಬರುತ್ತಲೇ ಮುದುಕಿ ಮುಖ ತಿರುವಿದಳು.

“ಈಕಿ ಯಾರವ್ವ? ಪಂಪಿ ಎಲ್ಲಿ ಹೋದ್ಲು? ಹ್ವಾದಸಲ ಆಕಿನೇ ಬಾಯಾಗ ಬೆರಳಿಟ್ಟು ತಗದಿದ್ಲು.”

ಸಾಹೇಬರು ಡಾಕ್ಟರ ಮುಖ ನೋಡಿದರು. ನಾನಿಲ್ಲದಾಗ ಕದ್ದು ಮುಟ್ಟಿರಬೇಕು ಸಾರ್, ತಿಳಿವಳಿಕೆ ಇಲ್ಲದ ಜನ, ಇವತ್ತೇ ಕೆಲಸ ಬಿಡಿಸುತ್ತೇನೆ ಎಂದರು ಡಾಕ್ಟರು. ತರಬೇತಿಯಿಲ್ಲದೆ ಮಿಷನ್ನು ಮುಟ್ಟುವುದು ಅಪರಾಧ, ಗೊತ್ತೇನಮ್ಮ ಎಂದು ಸಾಹೇಬರು ಪಂಪಮ್ಮನಿಗೇ ಗದರಿದರು.

ಪಂಪಮ್ಮ ಕಸಬರಿಗೆಯನ್ನು ಬಾಗಿಲಿಗೆ ಒರಗಿಸಿದಳು. ಜಂಬಮ್ಮನ ರಟ್ಟೆ ಹಿಡಿದು ಇಳಿಸಿ, ಆ ಕುರ್ಚಿಗೆ ತಾನೇ ಹತ್ತಿ ಕೂತಳು.

“ನಂದೂ ದವಡಿ ನೋಯಾಕತ್ತೈತ್ರಿ. ಫೋಟೋ ತಗೀರಿ. ಗುಂಡಿ ಶಾಂಭವಿ ಸಣ್ಣಮ್ಮ ಒತ್ಲಿ. ಬೆರಳು ನೀವಿಡ್ರಿ, ಡಾಕ್ಟ್ರೇ.”

ಡಾಕ್ಟರು ಹಲ್ಲು ಕಚ್ಚಿ, ಸಾಹೇಬರಿಗೆ ಕೇಳದಂತೆ ಅಂದರು:

“ಇಳಿ ಕೆಳಗ, ಬೋಸುಡಿ.”

ಪಂಪಮ್ಮ ಇಳಿಯಲಿಲ್ಲ. ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು, ಎಲೆಅಡಿಕೆಗೆ ಕೆಂಪಾದ ಬಾಯನ್ನು ಅಗಲಕ್ಕೆ ತೆರೆದಳು. ಶಾಂಭವಿ ಗೋಡೆಗೆ ಸರಿದಳು. ಡಾಕ್ಟರ ಕೈಗಳು ಕೋಟಿನ ಜೇಬಿಗೆ ಇಳಿದವು.

“ಹಿಡೀರಿ ಸಾಮಿ,” ಜಂಬಮ್ಮ ಕೆನ್ನೆ ಅವಚಿಕೊಂಡೇ ಅಂದಳು. “ಆಕಿ ಬಾಯಿ ತಗದಾಳ.”