ಹಂಸದ ಟೈ

ಬಚ್ಚಲಿನ ಬಾಗಿಲನ್ನು ಮುಂದಕ್ಕೆಳೆದುಕೊಂಡು ನಾಗಲಕ್ಷ್ಮಿ ಬಿಸಿನೀರಿನ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಕೊಕ್ಕೆಗೆ ತೂಗುಹಾಕಿದ್ದ ಟೈ ಹಬೆಯಲ್ಲಿ ಮಸುಕಾಯಿತು. ಕಡುಗೆಂಪು ರೇಷ್ಮೆ, ಅಂಗೈಯಗಲ. ತುದಿಯಲ್ಲಿ ಯಾರೋ ಎಪ್ಪತ್ತು ವರ್ಷದ ಹಿಂದೆ ಕೈಯಲ್ಲಿ ಬರೆದ ಬಿಳಿ ಹಂಸ.

"ಅಮ್ಮಾ, ಇನ್ನೂ ಎಷ್ಟೊತ್ತು?" ಹೊರಗಿನಿಂದ ಮಗಳು ರಮ್ಯ ಕೇಳಿದಳು. "ದೊಡ್ಡಪ್ಪ ಎತ್ತೋಣ ಅಂತಿದಾರೆ. ಮೂರಕ್ಕೆ ರಾಹುಕಾಲ."

"ಟೈ ಮಡಿಕೆ ಹೋಗ್ಲಿ ತಡಿ. ನಿಮ್ಮಪ್ಪನಿಗೆ ಸುಕ್ಕು ಆಗ್ತಿರ್ಲಿಲ್ಲ."

"ಇಸ್ತ್ರಿ ಮಾಡ್ಬಿಡಮ್ಮ."

"ಹಳೇ ರೇಷ್ಮೆಗೆ ಇಸ್ತ್ರಿ ಮುಟ್ಟಿಸ್ಬಾರ್ದು. ಹಬೆನೇ ಆಗ್ಬೇಕು."

ಮಾತು ಗಂಡ ಲಕ್ಕಣ್ಣನದು. ಮದುವೆಯಾದಾಗಿನಿಂದ ಕೇಳಿದ್ದು, ಬಾಯಿಗೆ ತಾನಾಗಿ ಬಂತು. ಬೀರುವಿನಲ್ಲಿ ಲಕ್ಕಣ್ಣನ ಹಳೆಯ ಟೈಗಳು ನೂರಾ ಹನ್ನೊಂದು; ಅವಳ ಸೀರೆಗಳು ಮಂಚದ ಕೆಳಗಿನ ಟ್ರಂಕಿನಲ್ಲಿ.

ಕಿಟಕಿಯಾಚೆ, ಶಾಮಿಯಾನದ ಕೆಳಗೆ, ಲಕ್ಕಣ್ಣನ ಅಣ್ಣ ಬ್ಯಾಟರಾಯಪ್ಪ ಯಾರಿಗೋ ಹೇಳುತ್ತಿದ್ದರು. "ಔಷಧಿ ಕಂಪನಿ ಬ್ಯಾಗು ಒತ್ಕಂಡು ತಿರುಗ್ತಿದ್ದಾಗ ಕಟ್ಕಂಡಿದ್ದು ಸರಿ. ರಿಟೈರಾದ ಮೇಲೂ ಡೈರಿಯಿಂದ ಆಲು ತರಾಕೆ ಟೈ! ಈ ಕೋಗಿಲು ಊರಿನಾಗೆ ಟೈ ಲಕ್ಕಣ್ಣ ಅಂದ್ರೆ ಮಗೂಗೂ ಗೊತ್ತಿತ್ತು."

"ಕಣ್ಣು ಮುಚ್ಕೊಂಡು ಮುಟ್ಟಿ ಹೇಳೋರು ಸಾರ್, ಇದು ಐವತ್ತನೇ ಇಸ್ವಿದು, ಇದು ಅರವತ್ತರದ್ದು ಅಂತ." ಅದು ಮುಜಫ್ಫರ್, ಯಶವಂತಪುರದ ಹಳೇ ಬಟ್ಟೆ ಅಂಗಡಿಯವನು. "ಹಂಸದ್ದು ಸಿಕ್ಕಿದ ದಿನ ನನ್ನ ತಬ್ಕೊಂಡ್ಬಿಟ್ರು. ನಾನು ಹೋದಾಗ ಇದೇ ಕಟ್ಬೇಕು ಕಣಯ್ಯ, ಮುಖ ನೋಡೋಕೆ ಬಂದೋರು ನೋಡ್ತಾನೇ ಇರ್ಬೇಕು ಅನ್ನೋರು."

"ಅದಕ್ಕೇಯ ನಮ್ಮ ನಾಗಲಕ್ಷ್ಮಿ ಒಳಗೆ ಇಂಗೆ ಒದ್ದಾಡ್ತಾವ್ಳೆ. ಎಂಥಾ ಪ್ರೀತಿ ನೋಡು."

ಗೋಡೆಯ ಮೇಲೆ ಇಳಿಯುತ್ತಿದ್ದ ನೀರನ್ನು ನಾಗಲಕ್ಷ್ಮಿ ಬೆರಳಿನಿಂದ ಒರೆಸಿದಳು. ಮೂರಕ್ಕೆ ಇನ್ನು ಹತ್ತು ನಿಮಿಷ. ಮಡಿಕೆ ಯಾವಾಗಲೋ ಹೋಗಿತ್ತು.

*

ಒಂಬತ್ತು ವರ್ಷದ ಹಿಂದೆ ಅವಳು ಈ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದಳು. ಬೆಳಿಗ್ಗೆ ಹತ್ತಿರದ ತವರುಹಳ್ಳಿ ಸಿಂಗಾಪುರದಿಂದ ತಮ್ಮ ಮುನಿಶಾಮಿ ಫೋನು ಮಾಡಿದ್ದ. ರಾತ್ರಿ ಅವ್ವ ಹೋಗಿಬಿಟ್ಟಳು, ಒಂದೂವರೆಗೆ ರಾಹುಕಾಲ, ಅಷ್ಟರೊಳಗೆ ಮಣ್ಣು ಮಾಡಬೇಕು, ಬೇಗ ಬಾ ಅಕ್ಕ.

ಲಕ್ಕಣ್ಣ ಹಂಸದ ಟೈಯನ್ನು ಹಬೆಗೆ ಹಾಕಿದ್ದ.

"ಬರೀ ಕುತ್ತಿಗೇಲಿ ಹೋಗೋಕಾಗುತ್ತಾ? ಅಳಿಯ ನಾನು."

ಆಮೇಲೆ ಕನ್ನಡಿ. ಗಂಟಿನ ಕೆಳಗೆ ಕುಳಿ ಸರಿಯಾಗಿ ಬೀಳಲಿಲ್ಲ, ಬಿಚ್ಚಿದ. ತುದಿ ಬೆಲ್ಟಿನ ಬಕಲ್ಲಿಗಿಂತ ಎರಡು ಬೆರಳು ಮೇಲೆ ನಿಂತಿತು, ಬಿಚ್ಚಿದ. ಹನ್ನೊಂದಾಯಿತು, ಹನ್ನೆರಡಾಯಿತು.

"ಹೊರಡ್ರೀ, ನಿಮ್ಮ ಕಾಲಿಗ್ ಬೀಳ್ತೀನಿ."

"ಸತ್ತೋರು ಎಲ್ಲಿಗೂ ಓಡಿ ಹೋಗಲ್ಲ ಕಣೇ. ಇರು."

ಅವಳು ಇದ್ದಳು. ಗೇಟಿನಾಚೆ ಆಟೋಗಳು ಹೋಗುತ್ತಿದ್ದವು. ಕೈ ಬೀಸಿ ಒಂದನ್ನು ನಿಲ್ಲಿಸಬೇಕೆಂದು ಆಗ ಹೊಳೆಯಲೇ ಇಲ್ಲ. ಅದೊಂದಕ್ಕೆ ಅವಳು ತನ್ನನ್ನೂ ಕ್ಷಮಿಸಿಕೊಂಡಿರಲಿಲ್ಲ.

ಸಿಂಗಾಪುರ ತಲುಪಿದಾಗ ಮುನಿಶಾಮಿ ಸಲಿಕೆಯ ಬೆನ್ನಿನಿಂದ ಮಣ್ಣು ತಟ್ಟುತ್ತಿದ್ದ. ಅವ್ವ ಸೊಣ್ಣಮ್ಮನ ಮುಖ ಮಣ್ಣಿನೊಳಗೆ ಹೋಗಿ ಕಾಲು ಗಂಟೆಯಾಗಿತ್ತು. ಹಸೀ ಮಣ್ಣಿಗೆ ಕೈ ಹಾಕಿ ಕೆದಕಲು ಹೋದವಳನ್ನು ನಾಲ್ಕು ಜನ ಹಿಡಿದುಕೊಂಡರು.

ವಾಪಸು ಬರುವಾಗ ಲಕ್ಕಣ್ಣ ಕಾರಿನ ಕನ್ನಡಿಯಲ್ಲಿ ಗಂಟು ಸರಿಮಾಡಿಕೊಳ್ಳುತ್ತ ಕೇಳಿದ್ದ. "ಎಲ್ರೂ ನನ್ನ ಟೈನೇ ನೋಡ್ತಿದ್ರು, ಅಲ್ವಾ?"

*

ಅವಳು ಬಚ್ಚಲಿನಿಂದ ಹೊರಗೆ ಬಂದಾಗ ಮೂರೂ ಐದು.

"ಓಯ್ತು," ಬ್ಯಾಟರಾಯಪ್ಪ ತಲೆ ಚಚ್ಚಿಕೊಂಡರು. "ಇನ್ನು ನಾಕೂವರೆಗಂಟ ಎತ್ತಂಗಿಲ್ಲ. ಈ ಬಿಸಿಲಾಗೆ ಎಣ ಇಟ್ಕಂಡು ಕೂತ್ಕಬೇಕು."

"ಸತ್ತೋರು ಎಲ್ಲಿಗೂ ಓಡಿ ಹೋಗಲ್ಲ ಭಾವ," ಎಂದಳು ನಾಗಲಕ್ಷ್ಮಿ. "ಇರಿ."

ಎಲ್ಲರೂ ಇದ್ದರು. ಚಟ್ಟದ ಮೇಲೆ ಲಕ್ಕಣ್ಣನೂ ಇದ್ದ. ಹಾರದ ಸುಗಂಧರಾಜ ಕಂದಿತು, ನೊಣಗಳು ಬಂದವು. ಅವಳು ಓಡಿಸಲಿಲ್ಲ. ಟೈಯನ್ನು ತೊಡೆಯ ಮೇಲೆ ಹರವಿಕೊಂಡು ತಲೆಯ ಹತ್ತಿರ ಕುಳಿತಿದ್ದಳು. ನೋಡಿದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾಲ್ಕೂವರೆಗೆ ಅವಳು ಎದ್ದಳು.

"ಕುತ್ತಿಗೆಗೆ ಬ್ಯಾಡ ಕಣವ್ವ," ಬ್ಯಾಟರಾಯಪ್ಪ ತಡೆದರು. "ಓಗೋನ ಮೈಮೇಲೆ ಗಂಟಿರಬಾರ್ದು. ಉಡಿದಾರನೇ ಕಿತ್ತಾಕಿವ್ನಿ. ಗಲ್ಲದ್ದು, ಕಾಲ್ಬೆರಳಿಂದು ಎಲ್ಡೇ ಕಟ್ಟು."

"ಗೊತ್ತು ಭಾವ. ಗಲ್ಲಕ್ಕೇ ಕಟ್ತೀನಿ."

ಗಲ್ಲಕ್ಕೆ ಕಟ್ಟಿದ್ದ ಬಟ್ಟೆ ಸಡಿಲಾಗಿ ಬಾಯಿ ಚೂರು ತೆರೆದಿತ್ತು, ಇನ್ನೇನೋ ಹೇಳುವವನ ಹಾಗೆ. ಅವಳು ಬಟ್ಟೆ ಬಿಚ್ಚಿ, ಟೈಯನ್ನು ಗಲ್ಲದಡಿಯಿಂದ ತಂದು, ನೆತ್ತಿಯ ಮೇಲೆ ಎಳೆದಳು. ಬಾಯಿ ಮುಚ್ಚಿತು. ಇನ್ನೊಮ್ಮೆ ಎಳೆದಳು. ಹಾಕಿದ್ದು ಅವ್ವ ಕಲಿಸಿದ ಗಂಟು, ಸಿಂಗಾಪುರದ ಕೊಟ್ಟಿಗೆಯಲ್ಲಿ ತುಂಟ ಕರುವಿಗೆ ಹಾಕುತ್ತಿದ್ದದ್ದು. ಕುಳಿ ಗಿಳಿ ಏನೂ ಬೀಳದು, ಜಗ್ಗಿದಷ್ಟೂ ಬಿಗಿ. ಆಮೇಲೆ ಅಗಲದ ತುದಿಯನ್ನು ಹಣೆಯ ಮೇಲಿಂದ ಕೆಳಗಿಳಿಸಿ ಅಂಗೈಯಿಂದ ನೀವಿದಳು. ಕಣ್ಣು, ಮೂಗು, ಬಾಯಿ ಎಲ್ಲದರ ಮೇಲೂ ರೇಷ್ಮೆ ನೀಟಾಗಿ ಕೂತಿತು. ಒಂದು ಸುಕ್ಕೂ ಇರಲಿಲ್ಲ.

ಕೊನೆಯ ಸಲ ನೋಡಲು ಬಗ್ಗಿದ ಮುಜಫ್ಫರ್ ಹಾಗೇ ನಿಂತುಬಿಟ್ಟ.

"ಅಮ್ಮಾ," ರಮ್ಯ ಪಿಸುಗುಟ್ಟಿದಳು, "ಅಪ್ಪನ ಮುಖ ಕಾಣ್ತಿಲ್ಲ."

"ಟೈ ಕಾಣ್ತಿದೆಯಲ್ಲ."

ರಮ್ಯ ಕೈ ಚಾಚಿದಳು. ನಾಗಲಕ್ಷ್ಮಿ ಆ ಕೈಯನ್ನು ಹಿಡಿದುಕೊಂಡಳು, ಬಿಡಲಿಲ್ಲ.

ಬ್ಯಾಟರಾಯಪ್ಪ "ಗೋವಿಂದಾ" ಎಂದರು. ನಾಲ್ಕು ಹೆಗಲು ಎದ್ದವು. ಗೇಟು ದಾಟಿ ಕೋಗಿಲು ರಸ್ತೆಗೆ ಇಳಿಯುವಾಗ ಸ್ಕೂಟರುಗಳು ನಿಂತವು, ಅಂಗಡಿಯವರು ಎದ್ದು ನಿಂತು ಕೈಮುಗಿದರು. ಹೊತ್ತವರ ಹೆಜ್ಜೆಗೆ ಸರಿಯಾಗಿ ಬಿಳಿ ಹಂಸ ಅವನ ತುಟಿಯ ಮೇಲೆ ಎದ್ದೆದ್ದು ಕೂರುತ್ತಿತ್ತು. ಬೀದಿಯ ಕಣ್ಣೆಲ್ಲ ಅದರ ಮೇಲೆಯೇ ಇತ್ತು.