ಗೋಡೆಯಾಚೆಯ ಮಂದ್ರ

ಫೆನ್ನಾ ಮಹಡಿ ಹತ್ತಿ ಬಂದಾಗ ಸೀತ್ಸೆ ಕಂಪ್ಯೂಟರಿನ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ರೂಲ್ಫ್ ಕಿಟಕಿಯ ಕಡೆ ಮುಖ ಮಾಡಿಕೊಂಡು ನಿಂತಿದ್ದ. ಇಬ್ಬರೂ ಅವಳತ್ತ ತಿರುಗಲಿಲ್ಲ.

"ಯಾಕ್ರೋ, ಯಾರಾದ್ರೂ ಸತ್ರಾ?"

"ಹಾಡು ಸತ್ತೋಯ್ತು," ಅಂದ ರೂಲ್ಫ್. "ಈ ಮಹಾನುಭಾವನೇ ಕೊಂದಿದ್ದು."

ಆಗಿದ್ದಿಷ್ಟು. ಹಿಂದಿನ ರಾತ್ರಿ ಊಟಕ್ಕೆ ಮೇಜು ತೆರವು ಮಾಡುವ ಭರದಲ್ಲಿ ಸೀತ್ಸೆ ಹಾಡು ತುಂಬಿಟ್ಟಿದ್ದ ಎರಡೂ ಫ್ಲಾಪಿಗಳನ್ನು, ಅಸಲು ಮತ್ತು ನಕಲು ಎರಡನ್ನೂ, ದೊಡ್ಡ ಸ್ಪೀಕರಿನ ಬೆನ್ನಿಗೆ ಆನಿಸಿಟ್ಟು ಮಲಗಿಬಿಟ್ಟಿದ್ದ. ಸ್ಪೀಕರಿನೊಳಗಿನ ಅಯಸ್ಕಾಂತ ಎರಡನ್ನೂ ಒರೆಸಿ ಹಾಕಿತ್ತು.

ಗ್ರೋನಿಂಗನ್ ಊರಿನ ಆ ಬಾಡಿಗೆ ಕೋಣೆಯಲ್ಲಿ ಮೂವರೂ ಸೇರಿ ಕಂಪ್ಯೂಟರ್ ಆಟಗಳಿಗೆ ಸಂಗೀತ ಕಟ್ಟಲು ಶುರುಮಾಡಿ ಎರಡು ವರ್ಷವಾಗಿತ್ತು. ೧೯೮೭ರ ಮನೆ ಕಂಪ್ಯೂಟರು ಒಂದು ಸಲಕ್ಕೆ ಮೂರು ದನಿ ಹೊರಡಿಸಿದರೆ ಅದೇ ಹೆಚ್ಚು. ಆ ಮೂರರಲ್ಲೇ ಫೆನ್ನಾ ರಾಗ ಹೊಸೆಯಬೇಕು, ರೂಲ್ಫ್ ತಾಳ ತುರುಕಬೇಕು. ಯಂತ್ರದ ಬಾಯಿಂದ ಅದನ್ನು ಹಾಡಿಸುವ ಪ್ರೋಗ್ರಾಮು ಸೀತ್ಸೆಯದು. ಈ ಸಲದ್ದು ಕೋಟೆಯ ಗೋಪುರ ಹತ್ತುವ ಕಳ್ಳನ ಆಟ. ಇಂಗ್ಲೆಂಡಿನ ಕಂಪನಿಗೆ ಶನಿವಾರ ಫ್ಲಾಪಿ ಅಂಚೆಗೆ ಬೀಳಬೇಕಿತ್ತು. ಅವರಿಗೆ ಸಿಕ್ಕಿದ್ದ ಮೊದಲ ದೊಡ್ಡ ಕೆಲಸ ಅದು.

"ನಿನ್ ತಲೇಲಿ ಇರ್ಬೇಕಲ್ಲ?" ಸೀತ್ಸೆ ಅಳುವ ದನಿಯಲ್ಲಿ ಕೇಳಿದ.

ತಲೆಯಲ್ಲೇನೋ ಇತ್ತು, ಆದರೆ ಎಲ್ಲ ಕಲಸಿಹೋಗಿತ್ತು. ವಸಂತದಿಂದ ಅದೆಷ್ಟು ಸಲ ತಿದ್ದಿದ್ದಳೋ. ಸಂಗೀತದ ಕೀಬೋರ್ಡಿನ ಮೇಲೆ ಬೆರಳಿಟ್ಟರೆ ಹಳೆಯ ರೂಪಗಳೇ ಒಂದರ ಮೇಲೊಂದು ನುಗ್ಗಿ ಬರುತ್ತಿದ್ದವು. ಕೊನೆಯದು ಮಾತ್ರ ಕೈಗೆ ಸಿಗಲಿಲ್ಲ. ಅದೇ ಎಲ್ಲಕ್ಕಿಂತ ಚೆನ್ನಾಗಿದ್ದದ್ದು. ಮರುದಿನವೂ ಹೆಡ್‌ಫೋನು ಹಾಕಿಕೊಂಡು ಹುಡುಕಿದಳು. ಸ್ಪೀಕರನ್ನು ಯಾರೂ ಹಾಕಲಿಲ್ಲ.

ಗುರುವಾರ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ಪಕ್ಕದ ಮನೆಯ ಡೈಕೆಮಾ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದ ಹೆಂಗಸು. ಇವರು ಸಂಗೀತ ಹಾಕಿದಾಗಲೆಲ್ಲ ನಡುವಿನ ಗೋಡೆಗೆ ಧಬಧಬ ಗುದ್ದುತ್ತಿದ್ದವರು. ಮೆಟ್ಟಿಲಲ್ಲಿ ಎದುರಾದರೆ ಮೂವರೂ ತಲೆ ತಗ್ಗಿಸಿ ಜಾರಿಕೊಳ್ಳುತ್ತಿದ್ದರು.

"ಏನಾಗಿದೆ ನಿಮ್ಗೆ? ಎರಡು ದಿನದಿಂದ ಸದ್ದೇ ಇಲ್ಲ. ಹುಷಾರಿಲ್ವಾ?"

"ಸದ್ದು ಮಾಡಿದ್ರೂ ಜಗಳ, ಮಾಡದಿದ್ರೂ ಜಗಳ," ರೂಲ್ಫ್ ಒಳಗಿಂದ ಗೊಣಗಿದ.

"ಕೇಳಿಸ್ತು ಕಣಪ್ಪ, ಕಿವಿ ಚೆನ್ನಾಗೇ ಇದೆ. ನಿಮ್ ಹಾಡಿನ ಆ ನಾಲ್ಕನೇ ಸಾಲು ಎಡವ್ತಿತ್ತು, ಅದಕ್ಕೇ ಗುದ್ತಿದ್ದೆ. ಹೋದ ವಾರ ಸರಿಹೋಯ್ತಲ್ಲ, ಆಮೇಲೆ ಗುದ್ದಿದ್ನಾ?"

ಫೆನ್ನಾ ಯೋಚಿಸಿದಳು. ಹೌದು, ಗುದ್ದಿರಲಿಲ್ಲ.

"ಅಮ್ಮಾ, ಆ ಹಾಡು ನಿಮ್ಗೆ ನೆನಪಿದ್ಯಾ?" ಅವಳು ಕೇಳಿದಳು.

"ದಿನಾ ಕೇಳಿ ಕೇಳಿ ಮರೆಯೋದಾದ್ರೂ ಹೆಂಗೆ? ಪಾತ್ರೆ ತೊಳೀವಾಗ್ಲೂ ಅದೇ ಬಾಯಿಗ್ ಬರುತ್ತೆ." ಡೈಕೆಮಾ ಬಾಗಿಲಲ್ಲೇ ನಿಂತು ಗುನುಗಿದರು. ಅದು ರಾಗವಲ್ಲ. ರಾಗದ ಕೆಳಗೆ ನಡೆಯುವ ಮಂದ್ರದ ಸಾಲು. ಇಟ್ಟಿಗೆ ಗೋಡೆ ದಾಟಿ ಅವರ ಅಡುಗೆಮನೆಗೆ ಹೋಗುತ್ತಿದ್ದದ್ದು ಅದೊಂದೇ. ಚರ್ಚಿನ ಗಾಯನವೃಂದದಲ್ಲಿ ವರ್ಷಾನುಗಟ್ಟಲೆ ತಗ್ಗಿನ ದನಿಗೆ ನಿಂತವರಾದ್ದರಿಂದ ಅವರ ಕಿವಿ ಸಹಜವಾಗಿಯೇ ಅದನ್ನು ಹಿಡಿದಿಟ್ಟುಕೊಂಡಿತ್ತು.

ಫೆನ್ನಾ ಅವರ ಕೈಹಿಡಿದು ಎಳೆದುಕೊಂಡು ಬಂದು ಇದ್ದ ಒಂದೇ ಒಳ್ಳೆಯ ಕುರ್ಚಿಯಲ್ಲಿ ಕೂರಿಸಿದಳು. ಅವರು ಗುನುಗಿದಂತೆ ಎಡಗೈ ನುಡಿಸಿತು. ಎರಡು ಸಾಲು ದಾಟುವಷ್ಟರಲ್ಲಿ ಬಲಗೈ ತಾನಾಗಿ ಎದ್ದಿತು. ಕೆಳಗೆ ನೆಲ ಸಿಕ್ಕಿದ್ದೇ ತಡ, ರಾಗ ಅದರ ಮೇಲೆ ಹೆಜ್ಜೆಯಿಟ್ಟುಕೊಂಡು ವಾಪಸು ಬಂತು.

"ಅಲ್ಲ ಹುಡುಗಿ, ಅಲ್ಲಿ ಕೆಳಗಿಳೀತಿತ್ತು. ಹ್ಞಾ, ಹಂಗೆ."

ಸೀತ್ಸೆ ಒಂದೊಂದೇ ಸ್ವರವನ್ನು ಅಂಕಿಯಾಗಿ ಯಂತ್ರಕ್ಕೆ ಉಣಿಸಿದ. ರೂಲ್ಫ್ ಬಟಾಣಿ ಸೂಪು ಬಿಸಿಮಾಡಿ ತಂದ. "ಉಪ್ಪು ಸಾಲ್ದು," ಅಂದು ಡೈಕೆಮಾ ಎರಡು ಬಟ್ಟಲು ಖಾಲಿ ಮಾಡಿದರು. ಕಳ್ಳ ಗೋಪುರದ ತುದಿ ಮುಟ್ಟುವ ಭಾಗಕ್ಕೆ ಬಂದಾಗ ಮಾತ್ರ ಗುನುಗುವುದನ್ನು ನಿಲ್ಲಿಸಿದರು.

"ಇಲ್ಲಿಂದಾಚೆ ಗೊತ್ತಿಲ್ಲಮ್ಮ. ಇಲ್ಲಿಗ್ ಬರೋ ಹೊತ್ಗೆ ನೀವು ಯಾವಾಗ್ಲೂ ನಿಲ್ಲಿಸ್ಬಿಟ್ಟು ಜಗಳಕ್ಕೆ ಕೂರ್ತಿದ್ರಿ."

ಮೂವರೂ ನಕ್ಕುಬಿಟ್ಟರು. ಕೊನೆಯನ್ನು ಫೆನ್ನಾ ಅಲ್ಲೇ ಹೊಸದಾಗಿ ಕಟ್ಟಿದಳು. ಡೈಕೆಮಾ ಕಣ್ಣುಮುಚ್ಚಿ ಅದಕ್ಕೂ ಒಂದು ಮಂದ್ರ ಹಾಡಿ ನೋಡಿದರು. ಅವಳು ಯೋಚಿಸಿದ್ದಕ್ಕಿಂತ ಅದೇ ಚೆನ್ನಾಗಿತ್ತು. ಅದನ್ನೇ ಇಟ್ಟುಕೊಂಡಳು.

ಶನಿವಾರ ಫ್ಲಾಪಿ ಅಂಚೆಗೆ ಹೋಯಿತು. ಈ ಸಲ ಮೂರು ನಕಲು ಮಾಡಿ, ಒಂದನ್ನು ಡೈಕೆಮಾ ಮನೆಯ ಬೀರುವಿನಲ್ಲಿ ಇಟ್ಟರು.

ಆಟ ಬಂದದ್ದು ಚಳಿ ಶುರುವಾದ ಮೇಲೆ. ಮೂವರೂ ಹೋಗಿ ಅವರನ್ನು ಕರೆತಂದು ಪರದೆಯ ಮುಂದೆ ಕೂರಿಸಿದರು. ಹಾಡು ಮೊದಲಾಯಿತು, ಹೆಸರುಗಳು ಮೇಲೇರಿದವು. ಸಂಗೀತ: ಫೆನ್ನಾ, ಸೀತ್ಸೆ, ರೂಲ್ಫ್, ಗೇಜಿನಾ ಡೈಕೆಮಾ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಷ್ಟರಲ್ಲಿ ಹೆಸರು ಹೋಗಿಬಿಟ್ಟಿತ್ತು. ಸೀತ್ಸೆ ಮತ್ತೆ ಮೊದಲಿಂದ ಹಾಕಿದ.

"ಈ ಊರಲ್ಲಿ ನಮ್ಮ ಹಾಡನ್ನ ಇಷ್ಟು ಗಮನವಿಟ್ಟು ಯಾರೂ ಕೇಳಿರ್ಲಿಲ್ಲ ಅಮ್ಮಾ," ಅಂದಳು ಫೆನ್ನಾ. ಇನ್ನೂ ಏನೇನೋ ಹೇಳಬೇಕೆಂದುಕೊಂಡಿದ್ದಳು. ಆದರೆ ಮೆಟ್ಟಿಲಲ್ಲಿ ಮುಖ ತಪ್ಪಿಸಿಕೊಂಡು ಓಡಾಡಿದ್ದೆಲ್ಲ ನೆನಪಾಗಿ, ಬಗ್ಗಿ ಅವರ ಕೆನ್ನೆಗೆ ಮುತ್ತಿಟ್ಟಳು.

ಡೈಕೆಮಾ ಪರದೆಯಿಂದ ಕಣ್ಣು ಕೀಳಲಿಲ್ಲ.

"ಇದಕ್ಕಿಂತ ಕೆಟ್ಟದಾಗಿರ್ಬಹುದಿತ್ತು," ಅಂದರು.

ಗ್ರೋನಿಂಗನ್ನಿನವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲ. ರೂಲ್ಫ್ ಎದ್ದು ಕಾಫಿಗೆ ನೀರಿಟ್ಟ.