ಫ್ರೇಮಣ್ಣನ ಮೀಟಿಂಗು

ಗಾಜು ಕತ್ತರಿಸುವುದರಲ್ಲಿ ಇವನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ, ಸ್ವಾಮಿ! ಬೇಕಾದರೆ ಕಣ್ಣಿಗೆ ಬಟ್ಟೆ ಕಟ್ಟಿ ನಿಲ್ಲಿಸಿ ನೋಡಿ. ಕಟರಿನ ಪುಟ್ಟ ಚಕ್ರ ಒಂದು ಸಲ ‘ಸರ್ರ್’ ಎಂದರೆ ಸಾಕು, ಗಾಜು ತಾನಾಗಿ ಶರಣಾಗಿ ಎರಡಾಗುತ್ತದೆ. “ಈ ಕೈ ಗೀರಿದ್ಮೇಲೆ ಗಾಜು ವಾಪಸ್ ಮಾತಾಡಲ್ಲ!” ಎಂದು ಗಿರಾಕಿಗಳೆದುರು ಕಾಲರ್ ಎತ್ತುತ್ತಿದ್ದ ಕೈ ಇದು. ಬೀದಿಯವರು ಇವನಿಗೆ ‘ಡೈಲಾಗ್’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಚಟ್!

ಮೂರನೆಯ ಗಾಜೂ ಅಡ್ಡಾದಿಡ್ಡಿ ಸೀಳಿತು.

“ಲೋ, ಆಯ್ತೇನೋ?” ಅರ್ಧ ಎತ್ತಿದ ಷಟರಿನ ಕೆಳಗೆ ಸೋದರಮಾವನ ತಲೆ ತೂರಿತು. “ಮೇಲೆ ಜನ ಬಂದು ಕೂತಿದಾರೆ. ಬೀದಿಯೋರ ಫೋಟೊಗೆಲ್ಲ ಫ್ರೇಮ್ ಹಾಕಿದ ಮನುಷ್ಯ, ಅವರ ಫೋಟೊ ಬರೀ ರಟ್ಟಿನ ಮೇಲಿದೆ.”

“ಗಾಜೇ ಸರಿಯಿಲ್ಲ ಮಾವ. ಡೂಪ್ಲಿಕೇಟ್ ಮಾಲು.”

“ಮೂರೂನಾ?”

“ಮೂರೂ ಒಂದೇ ತಾಯಿ ಮಕ್ಕಳು.”

ಮಾವ ನಗಲು ಹೋಗಿ, ಇವತ್ತು ನಗಬಾರದು ಎಂಬುದು ನೆನಪಾಗಿ, ಕೆಮ್ಮಿ ಮೆಟ್ಟಿಲು ಹತ್ತಿದ.

ಅಪ್ಪ ಹೋದದ್ದು ನಿನ್ನೆ, ಇದೇ ಮೇಜಿನ ಮುಂದೆ. ಹಲ್ಲಿನಲ್ಲಿ ದಾರ ಕಚ್ಚಿಕೊಂಡು ಒಂದು ಮದುವೆ ಫೋಟೊಗೆ ಹಿಂದಿನಿಂದ ತಂತಿ ಬಿಗಿಯುತ್ತಿದ್ದವರು ಹಾಗೇ ಒರಗಿಕೊಂಡರು. ಹನ್ನೊಂದು ಗಂಟೆಗೆ ಶವದ ಗಾಡಿ ಬರುತ್ತದೆ. ಅಷ್ಟರೊಳಗೆ ಒಂದು ಗಾಜು ಕೂರಿಸಬೇಕು, ಅಷ್ಟೇ ಕೆಲಸ.

ಫ್ರೇಮಿನ ಮರದ ಪಟ್ಟಿಗಳ ಸಾಲಿನ ಹಿಂದಿದ್ದ ಬಾಟಲಿಯಿಂದ ಡೈಲಾಗ್ ಬೆಳಿಗ್ಗೆಯೇ ಎರಡು ಗುಟುಕು ಇಳಿಸಿದ್ದ. ಕುಡಿತ ಅಲ್ಲ ಅದು. ಕೈ ನಿಲ್ಲಲಿ ಅಂತ, ಔಷಧಿಯ ಹಾಗೆ. ಕೈ ನಿಂತಿರಲಿಲ್ಲ.

*

ಗಾಜಿನ ಮೇಲೆ ಗೀರುವುದು ಒಂದೇ ಸಲ. ಎಳೆದ ಗೀರಿನ ಮೇಲೆ ಮತ್ತೆ ಕಟರ್ ಆಡಿಸಿದರೆ ಗಾಜು ದಾರಿ ತಪ್ಪುತ್ತದೆ, ಚಕ್ರವೂ ಮೊಂಡಾಗುತ್ತದೆ. ಅಪ್ಪ ಮಗನಿಗೆ ಕಲಿಸಿದ ಮೊದಲ ಪಾಠ ಇದು. ನಂಬಿಕೆ ಇಲ್ಲದವನು ಮಾತ್ರ ಎರಡನೇ ಸಲ ಗೀರುತ್ತಾನೆ.

ಕೆಲವು ತಿಂಗಳ ಹಿಂದೆ ಕ್ಷೌರದಂಗಡಿಯೊಂದರ ದೊಡ್ಡ ಕನ್ನಡಿ ಕತ್ತರಿಸಲು ಬಂದಿತ್ತು. ಡೈಲಾಗ್ ಒಂದು ಗೀರು ಎಳೆದ. ನಡುವೆ ಎಲ್ಲೋ ಕೈ ಜಾರಿದಂತಾಯಿತು. ಅಪ್ಪ ನೋಡುತ್ತಿಲ್ಲ ಎಂದುಕೊಂಡು ಮತ್ತೊಂದು ಎಳೆದ. ಕನ್ನಡಿ ಮೂರು ಹೋಳಾಯಿತು, ಒಂದೊಂದು ಹೋಳಿನಲ್ಲೂ ಅಪ್ಪನ ಮುಖ.

ಬೈಗುಳಕ್ಕೆ ಅವನು ಎದೆ ಗಟ್ಟಿ ಮಾಡಿಕೊಂಡ. ಅಪ್ಪ ಪೊರಕೆ ತಂದು ಚೂರುಗಳನ್ನೆಲ್ಲ ಒಂದು ಕಡೆ ಗುಡಿಸಿದರು. ತಮ್ಮ ಖರ್ಚಿನಲ್ಲೇ ಹೊಸ ಕನ್ನಡಿ ತರಿಸಿ ತಾವೇ ಕತ್ತರಿಸಿದರು.

ಆಮೇಲೆ ಅಪ್ಪನಿಗೆ ಹೊಸ ಹೊಸ ಹುಚ್ಚು ಶುರುವಾಯಿತು. ಮಧ್ಯಾಹ್ನ ಊಟವಾದ ಮೇಲೆ ಷಟರ್ ಎಳೆದುಕೊಂಡು, ಫೋನು ಗಾಜಿನ ಸ್ಟ್ಯಾಂಡಿಗೆ ಒರಗಿಸಿಕೊಂಡು, ಕಿವಿಗೆ ವೈರು ಸಿಕ್ಕಿಸಿ ಕೂರುವುದು. “ಲೆಕ್ಕದೋರ ಹತ್ರ ಮಾತು” ಎನ್ನುತ್ತಿದ್ದರು. ಸಂಜೆ ಬೀದಿ ದೀಪ ಹತ್ತುವ ಹೊತ್ತಿಗೆ ಸರಿಯಾಗಿ, ಡೈಲಾಗ್ ಚಪ್ಪಲಿ ಮೆಟ್ಟುತ್ತಿದ್ದರೆ, ಯಾವುದೋ ಹಳೆಯ ಫ್ರೇಮು ತಂದು ಅವನ ಮಡಿಲಿಗೆ ಹಾಕುವುದು.

“ಇದನ್ನ ಉಜ್ಜಿಬಿಡಪ್ಪ. ಅರ್ಜೆಂಟು.”

“ಯಾರದಪ್ಪಾ ಇದು? ಗೆದ್ದಲು ತಿಂದಿದೆ.”

“ಯಾರದಾದ್ರೇನು? ಉಜ್ಜು. ನಾನೂ ಕೂತ್ಕೋತೀನಿ.”

ಮುದುಕ ಜೀತಕ್ಕಿಟ್ಟುಕೊಂಡಿದ್ದಾನೆ ಎಂದು ಡೈಲಾಗ್ ಸ್ನೇಹಿತರ ಮುಂದೆ ಅಪ್ಪನ ನಡಿಗೆ, ಅಪ್ಪನ ಗಂಟಲು ಎಲ್ಲ ಅಣಕಿಸಿ ತೋರಿಸುತ್ತಿದ್ದ. ಅವರು ನಕ್ಕು ನಕ್ಕು ಬಾರಿನ ಹುಡುಗನಿಗೆ ಇನ್ನೊಂದು ಸುತ್ತು ಹೇಳುತ್ತಿದ್ದರು.

*

ಗಾಜಿಲ್ಲದ ಫೋಟೊವನ್ನೇ ಎತ್ತಿಕೊಂಡು ಅವನು ಮೇಲೆ ಹೋದಾಗ ಹಾಲಿನಲ್ಲಿ ಇಬ್ಬರು ಹೊಸಬರು ನಿಂತಿದ್ದರು. ಒಬ್ಬರು ಬಾಬ್‌ಕಟ್ಟಿನ ಬಿಳಿಕೂದಲಿನ ಹೆಂಗಸು. ಇನ್ನೊಬ್ಬ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ ಆಳು. ಮಲಗಿದ್ದ ಅಪ್ಪನ ಮುಖವನ್ನು ಇಬ್ಬರೂ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಹಾಗೆ ನೋಡುತ್ತಿದ್ದರು.

“ಇವರೇನಾ?” ಎಂದ ಎತ್ತರದವನು ಮೆಲ್ಲಗೆ.

“ಇವರೇ ಇರ್ಬೇಕು. ದಪ್ಪಗಿರ್ತಾರೆ ಅಂದ್ಕೊಂಡಿದ್ದೆ ನಾನು” ಎಂದರು ಹೆಂಗಸು.

ಎದುರುಮನೆ ದರ್ಜಿಗೆ ಇಷ್ಟು ಸಾಕು. “ಯಾರು ಸತ್ತಿದಾರೆ ಅಂತ ಗೊತ್ತಿಲ್ದೆ ಬಂದ್ರಾ ನೀವು?”

“ಅಯ್ಯೋ ಹಾಗಲ್ಲ. ನಾವು ಫ್ರೇಮ್ ಅವರ ಫ್ರೆಂಡ್ಸು. ಮುಖ ನೋಡಿರ್ಲಿಲ್ಲ ಅಷ್ಟೇ. ದಿನಾ ಮಾತಾಡ್ತಿದ್ವಿ, ಫೋನಲ್ಲಿ. ನಿನ್ನೆ ಬರ್ಲಿಲ್ಲ ಅಂತ ಕಾಲ್ ಮಾಡಿದ್ವಿ, ಇವರು ಹೇಳಿದ್ರು” ಎಂದು ಹೆಂಗಸು ಸೋದರಮಾವನ ಕಡೆ ಕೈ ತೋರಿಸಿದರು. “ನಾನು ಟೀಚರ್. ಇವನು ಕ್ರೇನ್. ಕ್ರೇನ್ ಓಡಿಸ್ತಾನೆ. ನಮ್ಮಲ್ಲಿ ಹೆಸರು ಹೇಳೋ ಹಾಗಿಲ್ಲ.”

“ಯಾತರ ಗುಂಪಮ್ಮಾ ಅದು?” ಅಮ್ಮ ತಲೆ ಎತ್ತಿದಳು.

ಟೀಚರ್ ಅನುಮಾನಿಸಿದರು. ಕ್ರೇನ್ ಅನುಮಾನಿಸುವ ಜಾತಿಯಲ್ಲ.

“ಕುಡಿತ ಬಿಡೋರ ಗುಂಪು ಅಮ್ಮ. ಫ್ರೇಮಣ್ಣ ಇಲ್ದೆ ಹೋಗಿದ್ರೆ ನಾನು ಯಾವತ್ತೋ ಮತ್ತೆ ಶುರು ಮಾಡಿರ್ತಿದ್ದೆ.”

ಹಾಲಿನಲ್ಲಿ ಕುರ್ಚಿಗಳು ಕಿರುಗುಟ್ಟಿದವು. ದರ್ಜಿ ಪಕ್ಕದವನ ಕಿವಿಗೆ ಬಾಯಿಟ್ಟ. ಅವನ ಪಿಸುಮಾತು ಇಡೀ ಕೋಣೆಗೆ ಕೇಳಿಸುವ ಥರದ್ದು. “ಅದಕ್ಕೇನಾ ಮಧ್ಯಾಹ್ನ ಷಟರ್ ಎಳೀತಿದ್ದದ್ದು! ಸದ್ದಿಲ್ಲದ ಸರದಾರ!”

“ನಮ್ಮನೆಯೋರಾ?” ಅಮ್ಮನ ಸ್ವರ ಸಣ್ಣಗಾಯಿತು. “ಕೆಮ್ಮಿನ ಔಷಧೀಲಿ ಅಮಲಿದೆ ಅಂತ ಚೆಲ್ಲಿದ ಮನುಷ್ಯ ಅವರು. ನಲವತ್ತು ವರ್ಷ ಜೊತೆಗಿದ್ದೀನಿ. ನನಗೆ ಗೊತ್ತಾಗದ ಹಾಗೆ ಕುಡೀತಿದ್ರು ಅಂತೀರಾ?”

“ಅಮ್ಮ, ಅವರೇ ಹೇಳ್ತಿದ್ರು” ಎಂದ ಕ್ರೇನ್. “ಬೆಳಿಗ್ಗೆ ಕೈ ನಡುಗತ್ತೆ ಅಂತ. ಸ್ಕೂಟರಿಂದ ಬಿದ್ದು ನಾಯಿ ಅಡ್ಡ ಬಂತು ಅಂತ ಸುಳ್ಳು ಹೇಳಿದೆ ಅಂತ. ಕ್ಷೌರದಂಗಡಿ ಕನ್ನಡಿ ಮೇಲೆ ಎರಡು ಸಲ ಗೀರಿಬಿಟ್ಟೆ ಅಂತ. ಆವತ್ತು ಅತ್ತುಬಿಟ್ರು.”

ಡೈಲಾಗಿನ ಕೈಯಲ್ಲಿದ್ದ ಫೋಟೊ ಒಮ್ಮೆಲೇ ಭಾರವಾಯಿತು. ನಾಯಿಯ ಆ ಸುಳ್ಳನ್ನು ಅಪ್ಪನಿಗೆ ಹೇಳಿದ್ದು ಯಾರೆಂದು ಈ ಕೋಣೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

*

“ಬೆಳಿಗ್ಗೆ ಎದ್ದ ತಕ್ಷಣ ಹೇಗಿರತ್ತೋ ನಿಂಗೆ?” ಎಂದು ಅಪ್ಪ ಒಂದು ದಿನ ಕೇಳಿದ್ದರು, ತಟ್ಟೆಯಿಂದ ಕಣ್ಣೆತ್ತದೆ.

“ಹೇಗಿರತ್ತೆ ಅಂದ್ರೆ? ಎದ್ದೇಳ್ತೀನಿ.”

“ಅಲ್ಲ, ಬಾಯಿ ಒಣಗತ್ತಾ? ಎದೆ ಹೊಡ್ಕೊಳತ್ತಾ? ಮೊದಲನೇ ಯೋಚನೆ ಏನು ಬರತ್ತೆ?”

“ಏನಪ್ಪಾ ಡಾಕ್ಟ್ರು, ಫೀಸ್ ಎಷ್ಟು ನಿಮ್ದು?”

ಅಪ್ಪ ನಕ್ಕಿರಲಿಲ್ಲ. “ಹೇಳೋ. ನಂಗೆ ಗೊತ್ತಾಗ್ಬೇಕು.”

ಯಾಕೋ ಆವತ್ತು ಅವನು ತಮಾಷೆ ಬಿಟ್ಟು, “ಭಯ ಆಗತ್ತಪ್ಪ. ಯಾಕೆ ಅಂತ ಗೊತ್ತಿಲ್ಲ” ಎಂದಿದ್ದ. ಅಪ್ಪ ಹಾಲು ತಂದು ಅವನ ಮುಂದಿಟ್ಟು ಅಂಗಡಿಗೆ ಇಳಿದು ಹೋಗಿದ್ದರು.

*

“ನೋಡಿ, ಹೊರಡಿ ನೀವು” ಎಂದ ಸೋದರಮಾವ, ತೋಳು ಏರಿಸುತ್ತಾ. “ಸತ್ತೋರ ಮಾನ ಕಳೆಯೋಕೆ ಬಂದಿದೀರಾ? ನೀವು ಹೇಳೋ ಮನುಷ್ಯ ಇವರಲ್ಲ. ಆಚೆ ನಡೀರಿ.”

ಟೀಚರ್ ಮುಖ ಕಪ್ಪಿಟ್ಟಿತು. ಕ್ರೇನ್ ಚಪ್ಪಲಿ ಹುಡುಕತೊಡಗಿದ. ಅವರು ಮೆಟ್ಟಿಲಿಳಿದರೆ ಮುಗಿಯಿತು, ಡೈಲಾಗಿನ ಬಾಟಲಿ ಮರದ ಪಟ್ಟಿಗಳ ಹಿಂದೆ ಸುಖವಾಗಿರುತ್ತದೆ. ಆದರೆ ದರ್ಜಿಯ ನಾಲಿಗೆ ಇಳಿಯುವುದಿಲ್ಲ. ಸಂಜೆಯ ಹೊತ್ತಿಗೆ ಇಡೀ ಬೀದಿ ಫ್ರೇಮಣ್ಣನನ್ನು ಕದ್ದು ಕುಡಿದವನು ಎನ್ನುತ್ತದೆ. ಅಮ್ಮ ಆಗಲೇ ಗಂಡನ ಮುಖವನ್ನು ಪರಿಚಯವಿಲ್ಲದವರ ಮುಖ ನೋಡುವಂತೆ ನೋಡುತ್ತಿದ್ದಳು.

ಡೈಲಾಗ್ ಫೋಟೊ ಹಿಡಿದುಕೊಂಡೇ ಅಮ್ಮನ ಪಕ್ಕ ಕೂತ.

“ಅಮ್ಮಾ, ಅದು ನಾನು.”

“ಏನು ನೀನು?”

“ಕನ್ನಡಿ ಒಡೆದಿದ್ದು. ಸ್ಕೂಟರ್. ನಡುಗೋ ಕೈ. ಅಪ್ಪ ಕುಡೀತಿರ್ಲಿಲ್ಲ. ನಾನು ಕುಡೀತೀನಿ.”

ಕ್ರೇನ್ ಹುಡುಕಿ ಹಿಡಿದಿದ್ದ ಚಪ್ಪಲಿಯನ್ನು ಮತ್ತೆ ಕೆಳಗಿಟ್ಟ.

ಟೀಚರ್ ಅಲ್ಲೇ ಇದ್ದ ಕುರ್ಚಿಯ ಮೇಲೆ ಕುಸಿದು ಕೂತರು. “ಮೊದಲನೇ ದಿನ ಕೇಳಿದ್ರು, ‘ಮನೆಯೋರೂ ಮಾತಾಡಬಹುದಾ ಇಲ್ಲಿ?’ ಅಂತ. ಇಲ್ಲ, ಇಲ್ಲಿ ಕುಡಿಯೋರು ಮಾತ್ರ, ಮನೆಯೋರಿಗೆ ಬೇರೆ ಗುಂಪಿದೆ ಅಂದೆ. ಕಾಲ್ ಕಟ್ಟಾಯ್ತು ಅಂದ್ಕೊಂಡೆ. ಆಮೇಲೆ ‘ಹಾಗಾದ್ರೆ ಕುಡಿಯೋನು ನಾನೇ’ ಅಂದ್ರು.”

“ಸಂಜೆ ಹೊತ್ತು ಕೈಗೆ ಕೆಲಸ ಕೊಡಣ್ಣ, ಒಬ್ಬನೇ ಇರಬೇಡ ಅಂತ ನಾನೇ ಹೇಳಿಕೊಟ್ಟಿದ್ದೆ” ಎಂದ ಕ್ರೇನ್. “ಎಷ್ಟು ಸಲ ‘ನಿನ್ನೆ ಮತ್ತೆ ಕುಡಿದೆ’ ಅಂದ್ರೋ! ಆದ್ರೆ ಮಾರನೇ ದಿನ ತಪ್ಪದೆ ಬರೋರು. ಇಷ್ಟು ಸಲ ಸೋತು ಇಷ್ಟು ಸಲ ಬರೋ ಗಂಡಸನ್ನ ನಾನು ನೋಡೇ ಇಲ್ಲ ಅಂತಿದ್ದೆ ನಾನು.”

ಅಮ್ಮ ಬಾಗಿ ಗಂಡನ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದಳು. ಮಗನ ಕಡೆ ನೋಡಲಿಲ್ಲ. “ಫೋಟೊ ತಲೆ ಹತ್ರ ಇಡು” ಎಂದಳು. “ಗಾಜಿಲ್ದಿದ್ರೂ ಸರಿ.”

*

ಅಲ್ಲಿಂದ ನೇರ ಕೆಳಗಿಳಿದು ಡೈಲಾಗ್ ಬಾಟಲಿಯನ್ನು ನೆಲಕ್ಕಪ್ಪಳಿಸಿದ, ಗಾಳಿ ಬೀಸಿತು, ಬೀದಿ ಚಪ್ಪಾಳೆ ತಟ್ಟಿತು ಎಂದರೆ ಕತೆಗೆ ಕಳೆ ಬರುತ್ತಿತ್ತು. ನಿಜ ಹೇಳಿಬಿಡುವುದೇ ವಾಸಿ. ಅವನು ಕೆಳಗಿಳಿದ, ಗಾಡಿ ಬರುವ ಮುಂಚೆ ಇನ್ನೊಂದು ಗುಟುಕು ಹಾಕಿದ, ಬಾಟಲಿಯನ್ನು ಇದ್ದಲ್ಲೇ ಇಟ್ಟ. ಅಪ್ಪನನ್ನು ಹೊತ್ತಾಗ ಅವನ ಕಡೆ ಮಾತ್ರ ಚಟ್ಟ ಕೊಂಚ ವಾಲಿತು. ಕ್ರೇನ್ ಕೇಳದೆಯೇ ಬಂದು ಅವನ ಹಿಂದೆ ಹೆಗಲು ಕೊಟ್ಟ.

ಮಣ್ಣು ಮುಗಿದು ಜನ ಚದುರಿದರು. ಸ್ಮಶಾನದ ಗೇಟಿನ ಪಕ್ಕದ ನಲ್ಲಿಯಲ್ಲಿ ಕೈ ತೊಳೆದು, ಒರೆಸಿಕೊಳ್ಳಲು ಏನೂ ಇಲ್ಲದೆ ಅವನು ನಿಂತಿದ್ದಾಗ ಟೀಚರ್ ಬಂದು ಕಲ್ಲುಬೆಂಚಿನ ಮೇಲೆ ಕೂತರು. ಕ್ರೇನ್ ಪಕ್ಕದಲ್ಲಿ ಕೂತ. ಅಪ್ಪ ಊಟ ಮುಗಿಸಿ ಷಟರ್ ಎಳೆಯುತ್ತಿದ್ದ ಹೊತ್ತು ಅದು.

“ಇವತ್ತಿನದು ಯಾರೂ ಹೇಳಿಲ್ಲ ನಮಗೆ” ಎಂದರು ಟೀಚರ್. “ಹೇಳ್ತೀಯೇನಪ್ಪಾ?”

ಅವನು ಗಂಟಲು ಸರಿಮಾಡಿಕೊಂಡ. ಬಂದದ್ದು ಅಪ್ಪನ ಗಂಟಲೇ. ಅಣಕಿಸಿದ್ದಲ್ಲ.

“ಇವತ್ತೂ ಕುಡಿದೆ” ಎಂದ. “ಎರಡು ಸಲ.”

ಗಾಡಿಯವನು ದೂರದಿಂದ ಹಾರನ್ ಹೊಡೆದ. ಬೆಂಚಿನ ಮೇಲೆ ಅವರಿಬ್ಬರೂ, ಇಷ್ಟು ದಿನವೂ ಈ ದನಿಯನ್ನು ಮುಖವಿಲ್ಲದೆಯೇ ಕೇಳಿ ಅಭ್ಯಾಸವಾದವರು, ಬಿಸಿಲಿನಲ್ಲಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.